ಭಾನುವಾರದ ವಾಚನ ಶನಿವಾರವೇ ಮನೆ ಸೇರಲಿ

ಸಕಲೇಶಪುರ - ಆಲೂರು ಮಲೆನಾಡಿನ ಕುಟುಂಬಗಳಿಗೆ, ಉಪದೇಶಿಗಳಿಗೆ ಹಾಗೂ ಧರ್ಮಕೇಂದ್ರದ ಸೇವಕರಿಗೆ ಒಂದು ಮಾಹಿತಿ ಲೇಖನ



ಭಾನುವಾರ ಬಲಿಪೂಜೆ ಮುಗಿದು ಚರ್ಚಿನ ಅಂಗಳಕ್ಕೆ ಬಂದಾಗ ನಿಮ್ಮ ಮಗುವನ್ನು ಒಂದು ಮಾತು ಕೇಳಿ ನೋಡಿ: "ಇವತ್ತು ಶುಭಸಂದೇಶದಲ್ಲಿ ಏನು ಓದಿದರು ಪುಟ್ಟಾ?" ಹೆಚ್ಚಿನ ಮಕ್ಕಳು ತಲೆ ಕೆರೆದುಕೊಳ್ಳುತ್ತಾರೆ. ಕೆಲವರು ಗುರುಗಳು ಪ್ರಬೋಧನೆಯಲ್ಲಿ ಹೇಳಿದ ನಗೆಮಾತನ್ನು ನೆನಪಿಸಿಕೊಳ್ಳುತ್ತಾರೆ. ಬೇಸರ ಬೇಡ. ಇದೇ ಪ್ರಶ್ನೆಯನ್ನು ದೊಡ್ಡವರಾದ ನಮಗೆ ಕೇಳಿದರೆ ನಮ್ಮ ಉತ್ತರವೂ ಅಷ್ಟಕ್ಕಷ್ಟೇ.

ತಪ್ಪು ಮಗುವಿನದಲ್ಲ. ಮೊದಲನೇ ವಾಚನ, ಕೀರ್ತನೆ, ಎರಡನೇ ವಾಚನ, ಶುಭಸಂದೇಶ - ಇಷ್ಟೂ ಕೆಲವೇ ನಿಮಿಷಗಳಲ್ಲಿ ಮಗುವಿನ ಕಿವಿಯ ಮೇಲೆ ಹಾದು ಹೋಗುತ್ತವೆ. ಭಾಷೆ ಪುಸ್ತಕದ್ದು, ಊರುಗಳು ಕಾಣದವು, ಹೆಸರುಗಳು ಕೇಳದವು. ಹೀಗೆ ಒಂದೇ ಸಲ ಕಿವಿಗೆ ಬಿದ್ದ ಮಾತು ಮನಸ್ಸಿನಲ್ಲಿ ನಿಲ್ಲಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆದುದರಿಂದ ಈ ಲೇಖನದಲ್ಲಿ ನಮ್ಮ ಮನವಿ ಒಂದೇ: ಭಾನುವಾರದ ವಾಚನವನ್ನು ಮಗು ಚರ್ಚಿನಲ್ಲಿ ಮೊದಲ ಸಲ ಕೇಳಬಾರದು, ಎರಡನೇ ಸಲ ಕೇಳಬೇಕು. ಮೊದಲ ಸಲ ಅದು ಮನೆಯಲ್ಲಿ, ತನ್ನ ಮನೆಮಾತಿನಲ್ಲಿ, ತನ್ನವರ ಬಾಯಿಂದ ಕೇಳಿರಬೇಕು.

ಘಾಟಿಯ ಮೇಲಿನ ನಮ್ಮವರು

ಈ ವಿಷಯಕ್ಕೆ ಸಕಲೇಶಪುರ, ಆಲೂರು ತಾಲೂಕುಗಳನ್ನು ಏಕೆ ಆರಿಸಿಕೊಂಡಿದ್ದೇವೆ ಎಂದು ಓದುಗರು ಕೇಳಬಹುದು. ಶಿರಾಡಿ ಘಾಟಿ ಹತ್ತಿ ಮಾರನಹಳ್ಳಿ, ದೋಣಿಗಾಲ್ ದಾಟಿದರೆ ಸಕಲೇಶಪುರ. ಹಾಸನದ ಕಡೆಗೆ ಮುಂದುವರಿದರೆ ಆಲೂರು. ಆಡಳಿತದ ದೃಷ್ಟಿಯಿಂದ ಈ ಪ್ರದೇಶ ಕರಾವಳಿಯ ಧರ್ಮಪ್ರಾಂತ್ಯಕ್ಕೆ ಸೇರಿದ್ದಲ್ಲ. 1963ರ ನವೆಂಬರ್‌ನಲ್ಲಿ ಮೈಸೂರು ಧರ್ಮಪ್ರಾಂತ್ಯದಿಂದ ಬೇರ್ಪಟ್ಟ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಹಾಸನ ಜಿಲ್ಲೆ ಸೇರಿದೆ. ಆದರೆ ಕರಾವಳಿಯ ಎಷ್ಟೋ ಮನೆಗಳ ಅಣ್ಣತಮ್ಮಂದಿರು ಕಾಫಿ ತೋಟಗಳಿಗಾಗಿ, ವ್ಯಾಪಾರಕ್ಕಾಗಿ, ಶಾಲೆ ಆಸ್ಪತ್ರೆಗಳ ಕೆಲಸಕ್ಕಾಗಿ ಘಾಟಿ ಹತ್ತಿ ಹೋಗಿ ಅಲ್ಲಿಯೇ ನೆಲೆಸಿದ್ದಾರೆ. ಹಬ್ಬ, ಮದುವೆ, ಮರಣಗಳಿಗೆ ಅವರು ಇಳಿದು ಬರುತ್ತಾರೆ, ನಾವು ಹತ್ತಿ ಹೋಗುತ್ತೇವೆ. ಆ ನಂಟು ಮುರಿದಿಲ್ಲ.

ಅಲ್ಲಿನ ಒಂದು ಚರ್ಚಿನ ಬೆಂಚಿನಲ್ಲಿ ಕುಳಿತವರನ್ನು ಗಮನಿಸಿದರೆ ಸಮಸ್ಯೆ ಏನೆಂದು ತಿಳಿಯುತ್ತದೆ. ಕೊಂಕಣಿ ಮನೆಮಾತಿನ ತೋಟದ ಮಾಲೀಕರು, ರೈಟರುಗಳು. ತಲೆಮಾರುಗಳಿಂದ ಲೈನ್ ಮನೆಗಳಲ್ಲಿರುವ ತಮಿಳು ಕಾರ್ಮಿಕರು. ಮಲಯಾಳಂ ಮಾತನಾಡುವ ಕುಟುಂಬಗಳು. ಹಾಸನ ಸೀಮೆಯ ಕನ್ನಡ ಕ್ರೈಸ್ತರು. ಈಚಿನ ವರ್ಷಗಳಲ್ಲಿ ಅಸ್ಸಾಂ, ಜಾರ್ಖಂಡ್‌ಗಳ ಕಡೆಯಿಂದ ಕೆಲಸ ಹುಡುಕಿ ಬಂದವರು. ಪೂಜೆ ಮಾತ್ರ ಸಾಮಾನ್ಯವಾಗಿ ಕನ್ನಡದಲ್ಲಿ. ಮಗುವಿಗೆ ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಚರ್ಚಿನಲ್ಲಿ ಮತ್ತೊಂದು. ಮೇಲಾಗಿ ದೂರ. ಹೆತ್ತೂರು, ಯಸಳೂರು, ಹಾನುಬಾಳು, ಪಾಳ್ಯ, ಕುಂದೂರುಗಳ ಕಡೆ ತೋಟದೊಳಗಿನ ಮನೆಯಿಂದ ಬಸ್ಸಿನ ದಾರಿಗೆ ಬರುವುದೇ ಒಂದು ನಡಿಗೆ. ಪ್ರತಿ ಭಾನುವಾರ ಪೂಜೆಗೆ ಬರುವುದು ಎಲ್ಲರಿಗೂ ಆಗುವ ಮಾತಲ್ಲ.

ಹಾಸನದ ಬಳಿ ಶೆಟ್ಟಿಹಳ್ಳಿಯಲ್ಲಿ 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ಚರ್ಚನ್ನು ಹಲವರು ನೋಡಿದ್ದೀರಿ. ಹೇಮಾವತಿ ಜಲಾಶಯದ ಹಿನ್ನೀರು ಬಂದಾಗ ಊರು ಏಳಬೇಕಾಯಿತು, ಚರ್ಚಿನ ಗೋಡೆಗಳು ನೀರಿನಲ್ಲಿ ಉಳಿದವು. ಊರವರು ಬೇರೆಡೆ ನೆಲೆಸಿ ಪ್ರಾರ್ಥನೆ ಮುಂದುವರಿಸಿದರು. ಮನೆಯಲ್ಲಿ ಬೇರು ಬಿಟ್ಟ ವಿಶ್ವಾಸ ಹೀಗೆ ಜನರೊಡನೆ ಹೋಗುತ್ತದೆ. ವಾಚನವನ್ನು ಮನೆಗೆ ತನ್ನಿರಿ ಎಂದು ನಾವು ಹೇಳುವಾಗ ಇದೇ ನಮ್ಮ ಮನಸ್ಸಿನಲ್ಲಿದೆ.

ವಾಚನಗಳಿಗೆ ಒಂದು ಕ್ರಮವಿದೆ

ಪ್ರತಿ ಭಾನುವಾರದ ವಾಚನಗಳನ್ನು ಗುರುಗಳು ತಮಗೆ ತೋಚಿದಂತೆ ಆರಿಸುತ್ತಾರೆ ಎಂದು ಭಾವಿಸುವವರು ಇಂದಿಗೂ ಇದ್ದಾರೆ. ಹಾಗಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಸಂವಿಧಾನದಲ್ಲಿ, ವಿಶ್ವಾಸಿಗಳಿಗೆ ದೇವರ ವಾಕ್ಯದ ಭಂಡಾರವನ್ನು ಹೆಚ್ಚು ಧಾರಾಳವಾಗಿ ತೆರೆಯಬೇಕೆಂದು ತೀರ್ಮಾನಿಸಿತು. ಅದರ ಫಲವಾಗಿ 1969ರಲ್ಲಿ ಹೊಸ ವಾಚನ ಕ್ರಮ ಪ್ರಕಟವಾಯಿತು; 1981ರಲ್ಲಿ ಅದರ ಎರಡನೇ ಆವೃತ್ತಿ ಬಂತು. ಅಲ್ಲಿಯವರೆಗೆ ಒಂದೇ ವರ್ಷದ ವಾಚನಗಳು ಮತ್ತೆ ಮತ್ತೆ ಬರುತ್ತಿದ್ದವು. ಈಗ ಭಾನುವಾರಗಳಿಗೆ ಮೂರು ವರ್ಷಗಳ ಚಕ್ರ:

* ಎ ವರ್ಷ - ಸಂತ ಮತ್ತಾಯರ ಶುಭಸಂದೇಶ
* ಬಿ ವರ್ಷ - ಸಂತ ಮಾರ್ಕರ ಶುಭಸಂದೇಶ
* ಸಿ ವರ್ಷ - ಸಂತ ಲೂಕರ ಶುಭಸಂದೇಶ

ಸಂತ ಯೊವಾನ್ನರ ಶುಭಸಂದೇಶವನ್ನು ವಿಶೇಷವಾಗಿ ತಪಸ್ಸುಕಾಲ ಮತ್ತು ಪಾಸ್ಖಕಾಲಗಳಲ್ಲಿ ಓದುತ್ತೇವೆ. ಮಾರ್ಕರ ಶುಭಸಂದೇಶ ಚಿಕ್ಕದಾದ ಕಾರಣ ಬಿ ವರ್ಷದಲ್ಲಿ ಸಾಧಾರಣ ಕಾಲದ 17ರಿಂದ 21ನೇ ಭಾನುವಾರದವರೆಗೆ ಯೊವಾನ್ನರ 6ನೇ ಅಧ್ಯಾಯ, ಅಂದರೆ ಜೀವದ ರೊಟ್ಟಿಯ ಬೋಧನೆ, ಸತತವಾಗಿ ಬರುತ್ತದೆ.

ಯಾವ ವರ್ಷ ಎಂದು ತಿಳಿಯಲು ಮಕ್ಕಳಿಗೆ ಒಂದು ಸುಲಭ ಲೆಕ್ಕ ಕಲಿಸಿ. ಇಸವಿಯನ್ನು ಮೂರರಿಂದ ಭಾಗಿಸಿ. ಶೇಷ ಒಂದು ಉಳಿದರೆ ಎ, ಎರಡು ಉಳಿದರೆ ಬಿ, ಏನೂ ಉಳಿಯದಿದ್ದರೆ ಸಿ. ಹೀಗೆ 2025 ಸಿ ವರ್ಷ, 2026 ಎ ವರ್ಷ, 2027 ಬಿ ವರ್ಷ. ಒಂದು ಎಚ್ಚರಿಕೆ: ದೈವಾರಾಧನೆಯ ವರ್ಷ ಜನವರಿಯಲ್ಲಿ ಆರಂಭವಾಗುವುದಿಲ್ಲ, ಅದಕ್ಕೂ ಮುಂಚಿನ ಆಗಮನ ಕಾಲದ ಮೊದಲ ಭಾನುವಾರವೇ ಆರಂಭವಾಗುತ್ತದೆ.

ಸಾಧಾರಣ ಕಾಲದಲ್ಲಿ ಶುಭಸಂದೇಶ ವಾರದಿಂದ ವಾರಕ್ಕೆ ಮುಂದುವರಿಯುತ್ತದೆ. ಮೊದಲನೇ ವಾಚನವನ್ನು ಆ ದಿನದ ಶುಭಸಂದೇಶಕ್ಕೆ ಹೊಂದುವಂತೆ ಆರಿಸಲಾಗಿದೆ. ಎರಡನೇ ವಾಚನ ಸಾಮಾನ್ಯವಾಗಿ ಪ್ರೇಷಿತರ ಪತ್ರದಿಂದ ತನ್ನದೇ ಹಾದಿಯಲ್ಲಿ ಸಾಗುತ್ತದೆ. ಈ ಒಂದು ವಿಷಯ ತಿಳಿದಿದ್ದರೆ ಪಾಲಕರ ಕೆಲಸ ಅರ್ಧ ಹಗುರವಾಗುತ್ತದೆ: ಮಕ್ಕಳೊಂದಿಗೆ ಮೊದಲು ಶುಭಸಂದೇಶ ಓದಿ, ಆಮೇಲೆ ಮೊದಲನೇ ವಾಚನ ನೋಡಿ. ಎರಡಕ್ಕೂ ಏನು ನಂಟು ಎಂದು ಹುಡುಕುವುದು ಮಕ್ಕಳಿಗೆ ಒಗಟು ಬಿಡಿಸಿದ ಹಾಗೆ. ಎರಡನೇ ವಾಚನವನ್ನು ಚಿಕ್ಕ ಮಕ್ಕಳ ಮಟ್ಟಿಗೆ ಸದ್ಯಕ್ಕೆ ಬಿಟ್ಟರೂ ಅಡ್ಡಿಯಿಲ್ಲ.

ಮಲೆನಾಡಿನ ಮಗುವಿಗೆ ಗೊತ್ತಿರುವ ಮಳೆ

ಒಂದು ಉದಾಹರಣೆ ನೋಡೋಣ. ಎ ವರ್ಷದ ಸಾಧಾರಣ ಕಾಲದ 15ನೇ ಭಾನುವಾರದ ಶುಭಸಂದೇಶ ಬಿತ್ತುವವನ ಸಾಮತಿ (ಮತ್ತಾಯ 13). ಮೊದಲನೇ ವಾಚನ ಪ್ರವಾದಿ ಯೆಶಾಯನ 55ನೇ ಅಧ್ಯಾಯದಿಂದ: ಆಕಾಶದಿಂದ ಇಳಿದ ಮಳೆ ಭೂಮಿಯನ್ನು ತೋಯಿಸಿ ಬೆಳೆ ಕೊಡದೆ ಹಿಂದಿರುಗುವುದಿಲ್ಲ, ದೇವರ ವಾಕ್ಯವೂ ಹಾಗೆಯೇ ಎಂಬ ಮಾತು. ಕೀರ್ತನೆ 65 ಕೂಡ ನೆಲಕ್ಕೆ ನೀರೆರೆದು ಬೆಳೆ ಕೊಡುವ ದೇವರ ಕುರಿತಾದದ್ದೇ. ಈ ಭಾನುವಾರ ಯಾವಾಗಲೂ ಜುಲೈ 10ರಿಂದ 16ರ ನಡುವೆ ಬರುತ್ತದೆ. 2026ರ ಲೆಕ್ಕದಲ್ಲಿ ಜುಲೈ 12.

ಜುಲೈ ತಿಂಗಳಲ್ಲಿ ಸಕಲೇಶಪುರದ ಮಗುವಿಗೆ ಮಳೆ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಶಾಲೆಗೆ ಮಳೆ ರಜೆ, ಒಣಗದ ಬಟ್ಟೆ, ತುಂಬಿ ಹರಿಯುವ ಹೇಮಾವತಿ. ಶನಿವಾರ ಸಂಜೆ ಅಡುಗೆಮನೆಯ ಒಲೆಯ ಹತ್ತಿರ ಕುಳಿತು "ಈ ಮಳೆ ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದರೆ ಸಾಕು, ಯೆಶಾಯನ ಮಾತು ಅರ್ಥವಾಗಲು ಆರಂಭವಾಗುತ್ತದೆ. ಬಂಡೆಯ ಮೇಲೆ ಬಿದ್ದ ಬೀಜ, ಮುಳ್ಳಿನ ನಡುವೆ ಬಿದ್ದ ಬೀಜ, ಹಕ್ಕಿ ತಿಂದ ಬೀಜ - ಇವೆಲ್ಲ ತೋಟದ ಮಗು ದಿನವೂ ನೋಡುವ ಸಂಗತಿಗಳೇ. ಮರುದಿನ ಚರ್ಚಿನಲ್ಲಿ ಅದೇ ಮಾತು ಕೇಳಿದಾಗ ಆ ಮಗು ತಲೆ ಎತ್ತಿ ಅಮ್ಮನ ಮುಖ ನೋಡುತ್ತದೆ. ನಾವು ಬಯಸುವುದು ಆ ಒಂದು ನೋಟವನ್ನು.

ಒಂದೇ ಬೆಂಚು, ಒಂದೇ ಸಾಮತಿ

ಎರಡನೇ ಉದಾಹರಣೆ ಸ್ವಲ್ಪ ಕಷ್ಟದ್ದು. ಅದೇ ಎ ವರ್ಷದಲ್ಲಿ 25, 26 ಮತ್ತು 27ನೇ ಭಾನುವಾರಗಳಲ್ಲಿ ಸತತ ಮೂರು ವಾರ ದ್ರಾಕ್ಷಿತೋಟದ ಸಾಮತಿಗಳು ಬರುತ್ತವೆ. ಮೊದಲು ಹೊತ್ತು ಹೊತ್ತಿಗೆ ಕರೆಸಿದ ಕೂಲಿಯಾಳುಗಳು (ಮತ್ತಾಯ 20), ಆಮೇಲೆ ತೋಟಕ್ಕೆ ಹೋಗು ಎಂದ ತಂದೆಯ ಇಬ್ಬರು ಮಕ್ಕಳು (ಮತ್ತಾಯ 21), ಕೊನೆಗೆ ಗೇಣಿದಾರರ ಸಾಮತಿ (ಮತ್ತಾಯ 21). ಕೊನೆಯದಕ್ಕೆ ಜೊತೆಯಾಗಿ ಯೆಶಾಯನ 5ನೇ ಅಧ್ಯಾಯದ ದ್ರಾಕ್ಷಿತೋಟದ ಹಾಡು ಮೊದಲನೇ ವಾಚನವಾಗಿರುತ್ತದೆ. 2026ರಲ್ಲಿ ಇವು ಸೆಪ್ಟೆಂಬರ್ 20, 27 ಮತ್ತು ಅಕ್ಟೋಬರ್ 4. ನಡುವಿನ ಒಂದು ವಾರ ತಪ್ಪಿದರೆ ಕಥೆಯ ಎಳೆ ತಪ್ಪಿದಂತೆ.

ಮುಂಜಾನೆ ಬಂದವನಿಗೂ ಸಂಜೆ ಐದರ ಹೊತ್ತಿಗೆ ಬಂದವನಿಗೂ ಒಂದೇ ಕೂಲಿ! ನಮ್ಮ ಪಟ್ಟಣಗಳ ಮಕ್ಕಳಿಗೆ ಇದು ಒಂದು ಕಥೆ. ಸಕಲೇಶಪುರ, ಆಲೂರಿನ ಚರ್ಚುಗಳಲ್ಲಿ ಹಾಗಲ್ಲ. ಅಲ್ಲಿ ಒಂದೇ ಬೆಂಚಿನಲ್ಲಿ ತೋಟದ ಮಾಲೀಕರ ಮಗುವೂ, ಕೂಲಿ ಮಾಡುವವರ ಮಗುವೂ ಕುಳಿತಿರಬಹುದು. ಕೊಯ್ಲಿನ ಕಾಲದಲ್ಲಿ ಹಣ್ಣು ತೂಕಕ್ಕೆ ಹಾಕಿ ಕೂಲಿ ಎಣಿಸುವುದನ್ನು ಇಬ್ಬರೂ ನೋಡಿದ್ದಾರೆ, ಆದರೆ ಎರಡು ಬೇರೆ ಬೇರೆ ಕಡೆಯಿಂದ. "ಇದು ಸರಿಯಾ?" ಎಂದು ಒಂದು ಮಗು ಕೇಳಬಹುದು. "ಕೊನೆಗೆ ಬಂದವನನ್ನು ಅಷ್ಟು ಹೊತ್ತು ಯಾರೂ ಯಾಕೆ ಕರೆಯಲಿಲ್ಲ?" ಎಂದು ಇನ್ನೊಂದು ಕೇಳಬಹುದು. ಎರಡೂ ಒಳ್ಳೆಯ ಪ್ರಶ್ನೆಗಳೇ. ದೊಡ್ಡವರು ಇಲ್ಲಿ ತಡೆಯಬಾರದು, ಬೇಗನೆ ಉತ್ತರ ಕೊಟ್ಟು ಮುಗಿಸಲೂಬಾರದು. ಆ ಒಡೆಯ ಐದು ಸಲ ಮನೆಯಿಂದ ಹೊರಗೆ ಹೋಗಿ ಆಳುಗಳನ್ನು ಹುಡುಕಿದ ಎಂಬುದನ್ನು ಮಕ್ಕಳೊಂದಿಗೆ ಎಣಿಸಿ ನೋಡಿ. ಕೆಲಸ ಸಿಗದೆ ಸಂತೆಬೀದಿಯಲ್ಲಿ ನಿಂತವನ ಮನೆಯಲ್ಲಿ ಆ ರಾತ್ರಿ ಏನು ಅಡುಗೆ ಎಂದು ಯೋಚಿಸಲು ಬಿಡಿ. ದೇವರ ಔದಾರ್ಯ ಎಂಬ ದೊಡ್ಡ ಪದವನ್ನು ಆಮೇಲೆ ಹೇಳಿದರಾಯಿತು.

ಹೀಗೆ ವಾಚನ ಮನೆಯೊಳಗೆ ಬಂದಾಗ ಅದು ನಮ್ಮನ್ನೂ ಪರೀಕ್ಷಿಸುತ್ತದೆ. ನಮ್ಮ ತೋಟದಲ್ಲಿ, ನಮ್ಮ ಅಂಗಡಿಯಲ್ಲಿ, ನಮ್ಮ ಮನೆಗೆಲಸದವರ ವಿಷಯದಲ್ಲಿ ನಾವು ಹೇಗಿದ್ದೇವೆ ಎಂದು ಮಗು ಕೇಳದೆ ಬಿಡುವುದಿಲ್ಲ. ಆ ಮುಜುಗರವನ್ನು ಪಾಲಕರು ಸಹಿಸಿಕೊಳ್ಳಬೇಕು.

ಮನೆಯಲ್ಲಿ ಮಾಡಬಹುದಾದದ್ದು

ಹೊಸದೊಂದು ಪ್ರಾರ್ಥನಾ ಕೂಟವನ್ನು ಸೇರಿಸಬೇಕಾಗಿಲ್ಲ. ಈಗಾಗಲೇ ಇರುವ ಅಭ್ಯಾಸಕ್ಕೆ ಇದನ್ನು ಜೋಡಿಸಿ. ಸಂಜೆಯ ಜಪಸರ - ಕೊಂಕಣಿ ಮನೆಗಳ ತೇರ್ಸ್ - ಇಂದಿಗೂ ಅನೇಕ ಮನೆಗಳಲ್ಲಿ ನಡೆಯುತ್ತದೆ. ಸಂತ ದ್ವಿತೀಯ ಜಾನ್ ಪಾಲರು ಜಗದ್ಗುರುಗಳಾಗಿದ್ದಾಗ 2002ರ ಅಕ್ಟೋಬರ್ 16ರಂದು ಜಪಸರದ ಬಗ್ಗೆ ಬರೆದ ಪತ್ರದಲ್ಲಿ, ಪ್ರತಿ ರಹಸ್ಯವನ್ನು ಹೇಳಿದ ಮೇಲೆ ಅದಕ್ಕೆ ಸಂಬಂಧಿಸಿದ ಬೈಬಲ್ ವಾಕ್ಯ ಓದುವುದು ಒಳ್ಳೆಯದೆಂದು ಸೂಚಿಸಿದ್ದರು. ಶನಿವಾರದ ಜಪಸರದ ಕೊನೆಗೆ ಮರುದಿನದ ಶುಭಸಂದೇಶವನ್ನು ಓದುವುದು ಅದೇ ಮಾರ್ಗದ ಮುಂದುವರಿಕೆ. ಒಟ್ಟು ಹತ್ತು ಹದಿನೈದು ನಿಮಿಷ ಸಾಕು.

1. ಶುಭಸಂದೇಶವನ್ನು ಬೈಬಲಿನಿಂದ ನಿಧಾನವಾಗಿ ಒಮ್ಮೆ ಓದಿ. ಓದಲು ಬರುವ ಮಗುವಿದ್ದರೆ ಅದೇ ಓದಲಿ. ತಡವರಿಸಿದರೆ ನಡುವೆ ತಿದ್ದಬೇಡಿ.

2. ಬೈಬಲ್ ಮುಚ್ಚಿ. ಅಪ್ಪನೋ ಅಮ್ಮನೋ ಅಜ್ಜಿಯೋ ಅದನ್ನೇ ಮನೆಮಾತಿನಲ್ಲಿ ಕಥೆಯಾಗಿ ಹೇಳಲಿ. ಬಿಟ್ಟುಹೋದದ್ದನ್ನು ಮಕ್ಕಳು ನೆನಪಿಸಲಿ. ದೊಡ್ಡವರ ತಪ್ಪು ಹಿಡಿಯುವುದು ಮಕ್ಕಳಿಗೆ ಬಲು ಇಷ್ಟ.

3. ಒಂದೇ ಪ್ರಶ್ನೆ ಕೇಳಿ. "ಈ ಕಥೆಯಲ್ಲಿ ನೀನು ಎಲ್ಲಿ ನಿಂತಿದ್ದೆ?" "ನಿನಗೆ ಆಶ್ಚರ್ಯ ಆದದ್ದು ಯಾವುದು?" ಸರಿ ಉತ್ತರ, ತಪ್ಪು ಉತ್ತರ ಎಂದು ಅಂಕ ಹಾಕಬೇಡಿ.

4. ಒಂದು ನಿಮಿಷ ಮೌನ. ಕೊನೆಗೆ ಮಗು ತನ್ನದೇ ಮಾತಿನಲ್ಲಿ ಒಂದು ಪ್ರಾರ್ಥನೆ ಹೇಳಲಿ.

5. ಭಾನುವಾರ ಪೂಜೆಯಿಂದ ಮರಳುವ ದಾರಿಯಲ್ಲಿ ಇಷ್ಟೇ ಕೇಳಿ: "ನಿನ್ನೆ ನಾವು ಮಾತನಾಡಿದ್ದಕ್ಕಿಂತ ಹೊಸದಾಗಿ ಇವತ್ತು ಏನು ಕೇಳಿಸಿತು?"

ವಯಸ್ಸಿಗೆ ತಕ್ಕಂತೆ ಸ್ವಲ್ಪ ಬದಲಾವಣೆ ಬೇಕು. ಆರು ವರ್ಷದೊಳಗಿನವರಿಗೆ ಒಂದು ಚಿತ್ರ, ಒಂದು ವಾಕ್ಯ ಸಾಕು. ಒಂದೇ ಕಥೆಯನ್ನು ಹತ್ತು ಸಲ ಕೇಳಿದರೂ ಹತ್ತು ಸಲ ಹೇಳಿ. ರೋಮಿನಲ್ಲಿ 1954ರಲ್ಲಿ ಬೈಬಲ್ ವಿದ್ವಾಂಸೆ ಸೋಫಿಯಾ ಕವಲೆಟ್ಟಿ ಹಾಗೂ ಶಿಕ್ಷಕಿ ಜಾನ್ನಾ ಗೊಬ್ಬಿ ಚಿಕ್ಕ ಮಕ್ಕಳಿಗಾಗಿ ಆರಂಭಿಸಿದ ಧರ್ಮಶಿಕ್ಷಣ ಪದ್ಧತಿಗೆ ಒಳ್ಳೆಯ ಕುರುಬನ ಹೆಸರೇ ಬಂದಿದೆ. ಮರದ ಪುಟ್ಟ ಕುರಿಗಳನ್ನೂ ಕುರುಬನನ್ನೂ ಕೈಯಲ್ಲಿ ಹಿಡಿದು ಆಡಿಸುತ್ತಾ ಆ ಮಕ್ಕಳು ಒಂದೇ ಸಾಮತಿಯೊಂದಿಗೆ ಬಹುಕಾಲ ಇರುತ್ತಾರೆ. ನಮ್ಮ ಮನೆಗಳಲ್ಲಿ ಮರದ ಬೊಂಬೆ ಇಲ್ಲದಿದ್ದರೆ ಕಾಫಿ ಬೀಜ, ಬೆಂಕಿಪೆಟ್ಟಿಗೆ, ಕಲ್ಲುಗಳಿವೆ. ಏಳರಿಂದ ಹನ್ನೊಂದರವರು ಪಾತ್ರ ಹಂಚಿಕೊಂಡು ಆಡಲಿ, ಚಿತ್ರ ಬರೆಯಲಿ. ಹನ್ನೆರಡು ದಾಟಿದವರು ಮೊದಲನೇ ವಾಚನವನ್ನೂ ಓದಿ, ಶುಭಸಂದೇಶದೊಂದಿಗೆ ಅದರ ನಂಟನ್ನು ಮನೆಯವರಿಗೆ ಹೇಳಲಿ.

ಇನ್ನೊಂದು ಸುಲಭ ಉಪಾಯ ಕರಾವಳಿಯ ಓದುಗರಿಗಾಗಿ. ರೋಮಿನಲ್ಲಿ, ಮಂಗಳೂರಿನಲ್ಲಿ, ಸಕಲೇಶಪುರದಲ್ಲಿ ನಮ್ಮ ಸಭೆಯ ಭಾನುವಾರದ ವಾಚನಗಳು ಸಾಮಾನ್ಯವಾಗಿ ಒಂದೇ. ಘಾಟಿಯ ಮೇಲಿರುವ ಮೊಮ್ಮಗುವಿಗೆ ಶನಿವಾರ ರಾತ್ರಿ ಫೋನ್ ಮಾಡುವ ಅಜ್ಜ ಅಜ್ಜಿಯರು "ಊಟ ಆಯ್ತಾ?" ಎಂದು ಕೇಳಿದ ಮೇಲೆ "ನಾಳೆ ಯಾವ ಕಥೆ ಗೊತ್ತಾ?" ಎಂದೂ ಕೇಳಬಹುದು. ಕೊಲ್ಲಿ ದೇಶದಲ್ಲಿರುವ ತಂದೆಗೂ ಇದು ಸಾಧ್ಯ. ದೂರ ಇರುವವರು ಮನೆಯ ಪ್ರಾರ್ಥನೆಯಲ್ಲಿ ಪಾಲ್ಗೊಳ್ಳಲು ಇದಕ್ಕಿಂತ ಹತ್ತಿರದ ದಾರಿ ನಮಗೆ ತೋಚುತ್ತಿಲ್ಲ.

ಯಾವ ಭಾಷೆಯಲ್ಲಿ?

ನೆಹೆಮೀಯನ ಗ್ರಂಥದ 8ನೇ ಅಧ್ಯಾಯವನ್ನು ಸಿ ವರ್ಷದ ಸಾಧಾರಣ ಕಾಲದ 3ನೇ ಭಾನುವಾರ ಓದುತ್ತೇವೆ. ಎಜ್ರನು ಗಂಡಸರು, ಹೆಂಗಸರು ಮತ್ತು ತಿಳುವಳಿಕೆ ಬಂದ ಎಲ್ಲರ ಮುಂದೆ ಧರ್ಮಗ್ರಂಥ ಓದುತ್ತಾನೆ. ಕೇಳಿದವರಿಗೆ ಅರ್ಥವಾಗುವಂತೆ ಅದನ್ನು ವಿವರಿಸಲಾಗುತ್ತದೆ. ಜನ ಕೇಳಿ ಅಳುತ್ತಾರೆ. ಅರ್ಥವಾಗದ ಮಾತಿಗೆ ಯಾರೂ ಅಳುವುದಿಲ್ಲ.

ಆದುದರಿಂದ ಮನೆಯಲ್ಲಿ ಮನೆಮಾತೇ ಇರಲಿ. ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ ಬೈಬಲ್ ಇದೆ. ತಮಿಳು, ಮಲಯಾಳಂ, ಹಿಂದಿ ಬೈಬಲುಗಳೂ ಸುಲಭವಾಗಿ ಸಿಗುತ್ತವೆ. ಓದು ಬರದ ಪಾಲಕರು ಸಂಕೋಚಪಡಬೇಕಾಗಿಲ್ಲ. ಶಾಲೆಗೆ ಹೋಗುವ ಮಗು ಓದಲಿ, ಓದು ಬರದ ತಾಯಿ ಕಥೆ ಹೇಳಲಿ. ಎಷ್ಟೋ ಸಲ ತಾಯಿಯ ಕಥೆಯೇ ಮಗುವಿನ ಓದಿಗಿಂತ ಚೆನ್ನಾಗಿರುತ್ತದೆ. ಪುಸ್ತಕ ಕನ್ನಡದ ನಾಲ್ಕೈದು ಕಷ್ಟದ ಪದಗಳನ್ನು ಮಾತ್ರ ಮೊದಲೇ ಹೇಳಿಕೊಡಿ. ‘ಸಾಮತಿ’, ‘ಪ್ರೇಷಿತರು’, ‘ಒಡಂಬಡಿಕೆ’, ‘ಸುಂಕದವರು’ - ಈ ಪದಗಳ ಅರ್ಥ ತಿಳಿದರೆ ಮರುದಿನ ಚರ್ಚಿನಲ್ಲಿ ಬಾಗಿಲು ತೆರೆದಂತಾಗುತ್ತದೆ.

ಪೂಜೆಗೆ ಬರಲಾಗದ ಭಾನುವಾರ

ಈ ಬೆಟ್ಟಗಳಲ್ಲಿ ಅಂಥ ಭಾನುವಾರಗಳು ಇದ್ದೇ ಇರುತ್ತವೆ. ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯವರೆಗೆ, ರೊಬಸ್ಟಾ ಅದರ ಬೆನ್ನಿಗೆ. ಅಂದರೆ ಆಗಮನ ಕಾಲ, ಕ್ರಿಸ್ಮಸ್ ಮತ್ತು ತಪಸ್ಸುಕಾಲದ ಹೊಸ್ತಿಲು ಎಲ್ಲವೂ ಕೆಲಸದ ನಡುವೆಯೇ. ಮಳೆಗಾಲದಲ್ಲಿ ರಸ್ತೆ ಕೆಡುತ್ತದೆ, ಮರ ಬೀಳುತ್ತದೆ. ಕಾಡಾನೆಗಳ ಭಯ ಬೇರೆ: 2013-14ರ ಅವಧಿಯಲ್ಲಿ ಅರಣ್ಯ ಇಲಾಖೆ ಈ ಎರಡು ತಾಲೂಕುಗಳಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಆ ಭಯ ಹೋಗಿಲ್ಲ. ಆನೆ ಓಡಾಡುವ ದಿನ ಮಕ್ಕಳನ್ನು ಕರೆದುಕೊಂಡು ಕತ್ತಲಲ್ಲಿ ವಾಳೆಯ ಸಭೆಗೆ ಹೋಗಿ ಎಂದು ಯಾರೂ ಹೇಳಬಾರದು. ಇಂಥ ಕಡೆ ವಾಳೆಯ ಸಭೆಯನ್ನು ಹಗಲು ಹೊತ್ತಿನಲ್ಲಿ, ಒಂದೇ ಲೈನಿನ ನಾಲ್ಕು ಮನೆಗಳವರು ಸೇರಿ ನಡೆಸುವುದೇ ಸರಿ.

ಬರಲಾಗದ ಭಾನುವಾರ ಮನೆಯವರೆಲ್ಲ ಕೂಡಿ ಆ ದಿನದ ವಾಚನಗಳನ್ನು ಓದಿ ಪ್ರಾರ್ಥಿಸಿರಿ. ಇದು ಬಲಿಪೂಜೆಗೆ ಬದಲಿಯಲ್ಲ. ಬರಲು ಸಾಧ್ಯವಿರುವಾಗ ತಪ್ಪಿಸಿಕೊಳ್ಳಲು ನೆಪವೂ ಅಲ್ಲ. ಆದರೆ ಇಡೀ ಸಭೆ ಆ ದಿನ ಕೇಳುತ್ತಿರುವ ವಾಕ್ಯವನ್ನೇ ಆ ಒಂಟಿ ಮನೆಯೂ ಕೇಳುತ್ತದೆ, ಎಳೆ ಕಡಿಯುವುದಿಲ್ಲ. ಮುಂದಿನ ವಾರ ಬಂದಾಗ ಮಗು ಹೊರಗಿನವನಂತೆ ಕುಳಿತುಕೊಳ್ಳುವುದಿಲ್ಲ. ಉದಾಹರಣೆಗೆ, ಬಿ ವರ್ಷದ ಸಾಧಾರಣ ಕಾಲದ 2ನೇ ಭಾನುವಾರ ದೇವಾಲಯದಲ್ಲಿ ಮಲಗಿದ್ದ ಬಾಲಕ ಸಮುವೇಲನನ್ನು ದೇವರು ಹೆಸರು ಹಿಡಿದು ಕರೆದ ಕಥೆ ಬರುತ್ತದೆ. ಅದು ಜನವರಿಯಲ್ಲಿ, ಕೊಯ್ಲಿನ ಕಾಲದಲ್ಲೇ. ಮಕ್ಕಳಿಗೆ ಹೇಳಿ ಮಾಡಿಸಿದ ಆ ಕಥೆಯನ್ನು ಕೊಯ್ಲಿನ ಕಾರಣಕ್ಕೆ ಯಾವ ಮಗುವೂ ಕಳೆದುಕೊಳ್ಳಬಾರದು.

ಚರ್ಚಿನಲ್ಲಿ ಮಾಡಬಹುದಾದದ್ದು

ಧರ್ಮಕೇಂದ್ರದ ಸೇವಕರಿಗೆ ಈ ವಿಷಯದಲ್ಲಿ ಒಂದು ಅಧಿಕೃತ ಆಧಾರವಿದೆ: 1973ರ ನವೆಂಬರ್ 1ರಂದು ವ್ಯಾಟಿಕನ್ ಹೊರಡಿಸಿದ, ಮಕ್ಕಳೊಂದಿಗೆ ಅರ್ಪಿಸುವ ಬಲಿಪೂಜೆಗಳ ನಿರ್ದೇಶಿಕೆ. ಅದರ ಕೆಲವು ಅಂಶಗಳನ್ನು ನಮ್ಮ ಮಾತಿನಲ್ಲಿ ಕೊಡುತ್ತೇವೆ:

* ಭಾನುವಾರದ ಪೂಜೆಯಲ್ಲಿ ಮಕ್ಕಳಿಗಾಗಿ ವಾಕ್ಯ ವಿಧಿಯನ್ನು ಪ್ರತ್ಯೇಕವಾಗಿ, ಆದರೆ ಹೆಚ್ಚು ದೂರವಲ್ಲದ ಸ್ಥಳದಲ್ಲಿ ನಡೆಸಬಹುದು. ಪರಮಪ್ರಸಾದ ವಿಧಿ ಆರಂಭವಾಗುವ ಮುನ್ನ ಮಕ್ಕಳು ದೊಡ್ಡವರನ್ನು ಸೇರಿಕೊಳ್ಳಬೇಕು (17).
* ಮಕ್ಕಳೇ ಹೆಚ್ಚಾಗಿರುವ ಪೂಜೆಯಲ್ಲಿ, ಗುರುಗಳಿಗೆ ಮಕ್ಕಳ ಮಟ್ಟಕ್ಕೆ ಇಳಿದು ಮಾತನಾಡುವುದು ಕಷ್ಟವಾದರೆ, ಧರ್ಮಕೇಂದ್ರದ ಗುರುಗಳ ಒಪ್ಪಿಗೆಯ ಮೇರೆಗೆ ಒಬ್ಬ ಹಿರಿಯರು ಶುಭಸಂದೇಶದ ನಂತರ ಮಾತನಾಡಬಹುದು (24).
* ಅಂಥ ಪೂಜೆಯಲ್ಲಿ ಮೂರು ವಾಚನಗಳು ಮಕ್ಕಳಿಗೆ ಕಷ್ಟವಾದರೆ ಎರಡನ್ನು ಅಥವಾ ಒಂದನ್ನು ಮಾತ್ರ ಓದಬಹುದು. ಆದರೆ ಶುಭಸಂದೇಶವನ್ನು ಎಂದಿಗೂ ಬಿಡುವಂತಿಲ್ಲ (42).
* ವಾಚನದ ಬದಲು ಅದರ ಸರಳ ಕಥಾರೂಪವನ್ನು ಓದಬಾರದು (45). ಕಥೆ ಹೇಳುವುದು ಮನೆಗೆ. ವಾಚನ ಪೀಠದಲ್ಲಿ ವಾಚನ ಗ್ರಂಥವೇ.
* ತಕ್ಕ ಸಂದರ್ಭದಲ್ಲಿ, ಪವಿತ್ರ ವಾರದ ಯಾತನೆಯ ಕಥೆಯನ್ನು ಓದುವಂತೆ, ವಾಚನದ ಮಾತುಗಳನ್ನು ಮಕ್ಕಳಿಗೆ ಹಂಚಿಕೊಡಬಹುದು (47).

ಇದಲ್ಲದೆ ಎಲ್ಲ ಧರ್ಮಕೇಂದ್ರಗಳೂ ಖರ್ಚಿಲ್ಲದೆ ಮಾಡಬಹುದಾದ ಒಂದು ಕೆಲಸವಿದೆ. ಪೂಜೆಯ ಕೊನೆಯ ಪ್ರಕಟಣೆಗಳಲ್ಲಿ ಮುಂದಿನ ಭಾನುವಾರದ ಶುಭಸಂದೇಶ ಯಾವುದು, ಎಷ್ಟನೇ ಅಧ್ಯಾಯ ಎಂದು ಹೇಳಿ. ಬಾಗಿಲ ಬಳಿಯ ಹಲಗೆಯ ಮೇಲೆ ಬರೆಯಿರಿ. ವಾಳೆಯ ಗುರಿಕಾರರ ವಾಟ್ಸಾಪ್ ಗುಂಪಿಗೆ ಕಳಿಸಿ. ನೆಟ್‌ವರ್ಕ್ ಸಿಗದ ತೋಟಗಳಿಗೆ ಒಂದು ಚೀಟಿಯೇ ಸಾಕು.

ಮಕ್ಕಳು ವಾಚಕರಾದಾಗ

ಮೊದಲನೇ ವಾಚನ, ಎರಡನೇ ವಾಚನ ಮತ್ತು ವಿಶ್ವಾಸಿಗಳ ಪ್ರಾರ್ಥನೆಯನ್ನು ತರಬೇತಿ ಪಡೆದ ದೊಡ್ಡ ಮಕ್ಕಳು ಓದಬಹುದು. ಶುಭಸಂದೇಶವನ್ನು ಗುರುಗಳು ಅಥವಾ ಉಪಯಾಜಕರೇ ಓದಬೇಕು. ಓದುವ ಮಗುವಿಗೆ ವಾಚನವನ್ನು ಭಾನುವಾರ ಬೆಳಿಗ್ಗೆ ಚರ್ಚಿನ ಬಾಗಿಲಲ್ಲಿ ಕೊಡಬೇಡಿ. ಒಂದು ವಾರ ಮೊದಲೇ ಕೊಡಿ. ಮನೆಯಲ್ಲಿ ಮೂರು ಸಲ ಗಟ್ಟಿಯಾಗಿ ಓದಲಿ. ಹ-ಅ ವ್ಯತ್ಯಾಸ, ಅಲ್ಪಪ್ರಾಣ-ಮಹಾಪ್ರಾಣ ವ್ಯತ್ಯಾಸಗಳನ್ನು ಪ್ರೀತಿಯಿಂದ ತಿದ್ದಿ: ‘ಧನ’ ಎನ್ನುವಲ್ಲಿ ‘ದನ’ ಎಂದರೆ ಸಂಪತ್ತು ಹೋಗಿ ಹಸು ಬರುತ್ತದೆ! ಕಷ್ಟದ ಹೆಸರುಗಳನ್ನು ಬಿಡಿಸಿ ಬರೆದುಕೊಡಿ. ಮೈಕಿನ ಎತ್ತರವನ್ನು ಮೊದಲೇ ಸರಿಪಡಿಸಿ, ವಾಚನ ಮುಗಿದ ಮೇಲೆ ಒಂದು ಉಸಿರಿನಷ್ಟು ನಿಲ್ಲಲು ಹೇಳಿ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕಾಗಿದೆ. ಅನೇಕ ಕಡೆ ಚೆನ್ನಾಗಿ ಓದುವ ನಾಲ್ಕು ಮನೆಗಳ ಮಕ್ಕಳೇ ವರ್ಷವಿಡೀ ಓದುತ್ತಾರೆ. ಕಾರಣ ಕೇಳಿದರೆ "ಬೇರೆಯವರಿಗೆ ಓದಲು ಬರುವುದಿಲ್ಲ" ಎನ್ನುತ್ತಾರೆ. ಅವಕಾಶ ಸಿಗದೆ ಓದು ಬರುವುದು ಹೇಗೆ? ಲೈನ್ ಮನೆಯ ಒಂದು ಹುಡುಗಿ ವಾಚನ ಪೀಠದ ಮುಂದೆ ನಿಂತು ದೇವರ ವಾಕ್ಯ ಓದಿದ ದಿನ, ಅವಳ ಇಡೀ ಲೈನಿಗೆ ಆ ಚರ್ಚು ತಮ್ಮದಾಗುತ್ತದೆ. 2021ರ ಜನವರಿಯಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸರು ವಾಚಕರ ಸೇವಾ ಪದವಿಯನ್ನು ಸ್ತ್ರೀಯರಿಗೂ ತೆರೆದರು. ಅದೇ ವರ್ಷದ ಮೇ ತಿಂಗಳಲ್ಲಿ ಉಪದೇಶಿಗಳ ಸೇವೆಯನ್ನು ಸಭೆಯ ಅಧಿಕೃತ ಸೇವಾ ಪದವಿಯಾಗಿ ಸ್ಥಾಪಿಸಿದರು. ಸಭೆ ಬಾಗಿಲು ತೆರೆಯುತ್ತಿರುವಾಗ ನಮ್ಮ ಧರ್ಮಕೇಂದ್ರಗಳ ಪಟ್ಟಿ ಮಾತ್ರ ಚಿಕ್ಕದಾಗಿ ಉಳಿಯುವುದು ಸರಿಯಲ್ಲ.

ಆರಂಭಿಸಲು ಒಳ್ಳೆಯ ದಿನಗಳು

ಫ್ರಾನ್ಸಿಸರು 2019ರ ಸೆಪ್ಟೆಂಬರ್ 30ರಂದು, ಬೈಬಲನ್ನು ಲತೀನ್ ಭಾಷೆಗೆ ತಂದ ಸಂತ ಜೆರೋಮರ ಹಬ್ಬದಂದು, ಸಾಧಾರಣ ಕಾಲದ 3ನೇ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಘೋಷಿಸಿದರು. ಅಂದು ಪ್ರತಿ ಕುಟುಂಬದ ಬೈಬಲನ್ನು ಚರ್ಚಿಗೆ ತಂದು ಆಶೀರ್ವದಿಸಿಕೊಂಡು ಹೋಗಬಹುದು. ಆಗಮನ ಕಾಲದ ಮೊದಲ ಭಾನುವಾರ ಹೊಸ ಚಕ್ರದೊಂದಿಗೆ ಆರಂಭಿಸುವುದೂ ಚೆನ್ನ. ಕೊಂಕಣಿ ಕುಟುಂಬಗಳಿಗೆ ಸೆಪ್ಟೆಂಬರ್ 8ರ ಮೊಂತಿ ಹಬ್ಬವಿದೆ: ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಮಕ್ಕಳು ಕರೆಯದೆಯೇ ಬರುವ ದಿನಗಳವು. ಆ ಒಂಬತ್ತು ದಿನಗಳ ನಡುವೆ ಬರುವ ಭಾನುವಾರದ ಶುಭಸಂದೇಶವನ್ನು ಹೂವಿನ ಜೊತೆಗೆ ಅವರ ಕೈಗಿಡಿ.

ಕೊನೆಯದಾಗಿ, ಬೈಬಲ್ ಕ್ವಿಜ್, ಬಹುಮಾನ, ಕಂಠಪಾಠ ಸ್ಪರ್ಧೆಗಳು ತಮ್ಮ ಜಾಗದಲ್ಲಿ ಒಳ್ಳೆಯವೇ. ಆದರೆ ಶನಿವಾರ ಸಂಜೆಯ ಆ ಹತ್ತು ನಿಮಿಷದಲ್ಲಿ ಗೆಲ್ಲುವವರೂ ಸೋಲುವವರೂ ಇರಬಾರದು. ಎಮ್ಮಾವುಸಿನ ದಾರಿಯಲ್ಲಿ ಯೇಸುಸ್ವಾಮಿ ಆ ಇಬ್ಬರಿಗೆ ಮೊದಲು ನಡೆಯುತ್ತಲೇ ಧರ್ಮಗ್ರಂಥವನ್ನು ವಿವರಿಸಿದರು, ಆಮೇಲೆ ಮನೆಯೊಳಗೆ ಹೋಗಿ ಊಟಕ್ಕೆ ಕುಳಿತು ರೊಟ್ಟಿ ಮುರಿದರು. ಸಕಲೇಶಪುರದ ತೋಟದ ದಾರಿಯಲ್ಲಿ ಮಗುವಿನ ಕೈಹಿಡಿದು ಚರ್ಚಿಗೆ ನಡೆಯುವ ತಂದೆತಾಯಿಯರಿಗೂ ಅಷ್ಟೇ ದೂರದ ದಾರಿಯಿದೆ, ಅಷ್ಟೇ ಹೊತ್ತಿನ ಮಾತಿದೆ. ಈ ಶನಿವಾರವೇ ಆರಂಭಿಸಿರಿ. ದೇವರ ವಾಕ್ಯ ನಿಮ್ಮ ಮನೆಗಳನ್ನು ಆಶೀರ್ವದಿಸಲಿ.